ಹೊಸ ಗಂಡು ಡಿಸ್ಕಸ್ ಜೊತೆ ಪಳಗಿದ ಹೆಣ್ಣನ್ನು ಬಿಡುವ ಮೊದಲು ಇದನ್ನು ಓದಿ

ಮನೆಯಲ್ಲೇ ಡಿಸ್ಕಸ್ (ತಟ್ಟೆಯ ಹಾಗೆ ಚಪ್ಪಟೆಯಾದ ಅಕ್ವೇರಿಯಂ ಮೀನು) ಮರಿ ಮಾಡಿಸಬೇಕು ಅಂತ ಆಸೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಒಳ್ಳೆಯ ಹೆಣ್ಣು ಮೀನು ಹೋದ ತಿಂಗಳು ಸತ್ತಿತು. ಹೊರಗಿನಿಂದ ಯಾವ ರೋಗವೂ ಬಂದಿರಲಿಲ್ಲ. ನನ್ನ ಅವಸರಕ್ಕೆ ಸತ್ತಿತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಆ ಹೆಣ್ಣು ಮಂಡ್ಯದ ಗೆಳೆಯನ ಮನೆಯದು. ಅಲ್ಲಿ ಎರಡು ಸಲ ಮರಿ ಸಾಕಿದ್ದಳು. ಅವಳ ಜೋಡಿ ಗಂಡು ಸತ್ತ ಮೇಲೆ ಗೆಳೆಯ ನನಗೆ ಕೊಟ್ಟ. ಗಂಡನ್ನು ಒಬ್ಬ ಮಾರಾಟಗಾರರಿಂದ ತಂದೆ. ಬಣ್ಣ ನೋಡಿ ಮರುಳಾಗಿದ್ದೆ. 'ಬ್ರೀಡಿಂಗ್‌ಗೆ ರೆಡಿ ಇದೆ' ಅಂದರು, ನಾನು ವಯಸ್ಸನ್ನೂ ಕೇಳಲಿಲ್ಲ. ಆಮೇಲೆ ವಿಚಾರಿಸಿದರೆ ಬರೀ ಹತ್ತು ತಿಂಗಳು! ಡಿಸ್ಕಸ್‌ನಲ್ಲಿ ಹೆಣ್ಣು ಬೇಗ ಬಲಿಯುತ್ತದೆ, ಗಂಡಿಗೆ ಇನ್ನೂ ಸಮಯ ಬೇಕು. ವರ್ಷ ದಾಟಿ, ಎಷ್ಟೋ ಸಲ ಒಂದೂವರೆ ವರ್ಷ ಆದ ಮೇಲೆ ಅದು ನಂಬಿಕೆಗೆ ಬರುತ್ತದೆ.

ಒಂದೂವರೆ ಅಡಿಯ ಚೌಕ ಟ್ಯಾಂಕು, ಕೆಳಗೆ ಮರಳಿಲ್ಲ, ಸ್ಪಂಜ್ ಫಿಲ್ಟರು, ಹೀಟರ್ 29 ಡಿಗ್ರಿಗೆ. ಕುಂಬಾರಗೇರಿಯಿಂದ ತಂದ ಒಂದು ಮಣ್ಣಿನ ಕುಡಿಕೆ ಬೋರಲು ಹಾಕಿದ್ದೆ. ಎರಡನೇ ವಾರಕ್ಕೇ ಹೆಣ್ಣು ಕುಡಿಕೆಯನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆಯತೊಡಗಿದಳು. ಸಂಜೆ ಹೊತ್ತಿಗೆ ಸಾಲು ಸಾಲಾಗಿ ಮೊಟ್ಟೆ. ಅವಳು ಒಂದು ಸಾಲು ಇಟ್ಟು ಪಕ್ಕಕ್ಕೆ ಸರಿದು ಕಾಯುತ್ತಾಳೆ, ಮೊಟ್ಟೆಗೆ ಫಲ ಕಟ್ಟಲು ಗಂಡು ಅದರ ಮೇಲೆ ಹಾದು ಹೋಗಬೇಕು. ಇವನು ಮೂಲೆಯಲ್ಲಿ ನಿಂತು ಮೈ ನಡುಗಿಸುತ್ತಾನೆ, ಹತ್ತಿರ ಬರುತ್ತಾನೆ, ವಾಪಸ್ ಹೋಗುತ್ತಾನೆ. ಅವಳು ಮತ್ತೆ ಮತ್ತೆ ಅವನ ಕಡೆ ತಿರುಗಿ ನೋಡುತ್ತಿದ್ದಳು. ಅದನ್ನು ನೋಡಿ ನನಗೇ ಹೊಟ್ಟೆ ಉರಿಯಿತು. ಮಾರನೇ ದಿನಕ್ಕೆ ಮೊಟ್ಟೆ ಎಲ್ಲ ಸುಣ್ಣದ ಹಾಗೆ ಬಿಳಿ, ಆಮೇಲೆ ಫಂಗಸ್.

ಮಾರಿದವರಿಗೆ ಫೋನ್ ಮಾಡಿದೆ. 'ನಾಲ್ಕೈದು ಸಲ ಆದ ಮೇಲೆ ಕಲಿಯುತ್ತದೆ, ಬಿಡಿ ಸರ್' ಅಂದರು. ಈ ಮಾತು ಪೂರ್ತಿ ಸುಳ್ಳಲ್ಲ. ಗಂಡು ಕಲಿಯುತ್ತದೆ ನಿಜ. ಆದರೆ ಅವನು ಕಲಿಯುವಷ್ಟು ದಿನ ಮೊಟ್ಟೆ ಇಡುವವಳು ಯಾರು? ಮೊಟ್ಟೆ ಕೆಟ್ಟರೆ ಹೆಣ್ಣು ವಾರ ಹತ್ತು ದಿನಕ್ಕೆ ಮತ್ತೆ ಇಡುತ್ತಾಳೆ. ಮರಿ ಸಾಕುತ್ತಿದ್ದರೆ ಆ ನಡುವೆ ಅವಳಿಗೆ ಬಿಡುವು ಸಿಗುತ್ತಿತ್ತು. ಬರೀ ಕೆಡುತ್ತಾ ಹೋದರೆ ಬಿಡುವೇ ಇಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಮೂರು ಸಲ ಕೆಟ್ಟಾಗಲೂ ಗಂಡನ್ನೇ ಬೈದುಕೊಂಡೆ, ನೀರನ್ನು ನೋಡಲಿಲ್ಲ. ನಮ್ಮ ಸಂಪಿಗೆ ಕಾವೇರಿ ನೀರೂ ಬೀಳುತ್ತದೆ, ಬೋರ್ ನೀರೂ ಬೀಳುತ್ತದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಮೀಟರ್ ಹಾಕಿದರೆ 480. ದೊಡ್ಡ ಮೀನಿಗೆ ಇದರಿಂದ ಅಂಥ ತೊಂದರೆ ಇಲ್ಲ, ಚೆನ್ನಾಗಿ ತಿಂದುಕೊಂಡು ಇರುತ್ತದೆ, ಅದಕ್ಕೇ ನಾವು ಮೋಸ ಹೋಗುತ್ತೇವೆ. ಗಡಸು ನೀರಿನಲ್ಲಿ ಮೊಟ್ಟೆಯ ಹೊರಪೊರೆ ಬಿಗಿಯಾಗುತ್ತದೆ, ಗಂಡು ಸರಿಯಾಗಿ ಕೆಲಸ ಮಾಡಿದರೂ ಫಲ ಕಟ್ಟುವುದು ಕಷ್ಟ. ಆರ್‌ಒ ನೀರು ಬೆರೆಸುತ್ತಾ ವಾರದಲ್ಲಿ ನಿಧಾನವಾಗಿ 100ರ ಒಳಗೆ ಇಳಿಸಿದೆ. ಒಂದೇ ದಿನಕ್ಕೆ ಇಳಿಸಬೇಡಿ, ಮೀನು ತಡೆಯುವುದಿಲ್ಲ.

ನಾಲ್ಕನೇ ಸಲ ಅವನು ಹಾದು ಹೋದ. ಎರಡನೇ ದಿನ ಮೊಟ್ಟೆಗಳಲ್ಲಿ ಕಪ್ಪು ಚುಕ್ಕೆ ಕಂಡಿತು. ಮೂರನೇ ದಿನ ಕುಡಿಕೆಯ ಮೇಲೆ ಪುಟ್ಟ ಪುಟ್ಟ ಬಾಲಗಳು ಅಲ್ಲಾಡುತ್ತಿದ್ದವು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ರಾತ್ರಿ ಹನ್ನೊಂದಕ್ಕೆ ಎಂದಿನಂತೆ ಲೈಟ್ ಆರಿಸಿ ಮಲಗಿದೆ. ಬೆಳಿಗ್ಗೆ ಕುಡಿಕೆ ಖಾಲಿ. ಒಂದೂ ಉಳಿದಿರಲಿಲ್ಲ.

ಮೊಟ್ಟೆ ಇಟ್ಟ ದಿನದಿಂದ ರಾತ್ರಿ ಪೂರ್ತಿ ಸಣ್ಣ ಬೆಳಕು ಇರಲೇಬೇಕು. ಕತ್ತಲಾದರೆ ತಾಯಿಗೆ ಕಾಯಲು ಆಗುವುದಿಲ್ಲ. ಒಂದು ಜೀರೋ ಬಲ್ಬು ಸಾಕು, ಕರೆಂಟ್ ಹೋದರೂ ಅದು ಉರಿಯುವ ಹಾಗೆ ಯುಪಿಎಸ್‌ಗೆ ಹಾಕಿ.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಅವಳ ಹಣೆ ಒಳಗೆ ಹೋಗಿತ್ತು, ಎದುರಿನಿಂದ ನೋಡಿದರೆ ಬೆನ್ನು ಚಾಕುವಿನ ಹಾಗೆ ತೆಳ್ಳಗಾಗಿತ್ತು. ಫಲ ಕಟ್ಟಿತಲ್ಲ, ಇನ್ನೊಂದೇ ಒಂದು ಸಲ ನೋಡೋಣ ಅಂತ ಬಿಟ್ಟೆ. ಐದನೇ ಸಲ ಕುಡಿಕೆಗೆ ಸುತ್ತ ಜಾಲರಿ ಕಟ್ಟಿದೆ, ಮೊಟ್ಟೆ ಉಳಿಯಿತು. ಮರಿ ಒಡೆದ ಮೇಲೆ ಜಾಲರಿ ತೆಗೆದೆ. ತೆಗೆಯಲೇಬೇಕು, ಯಾಕೆಂದರೆ ಡಿಸ್ಕಸ್ ಮರಿ ಈಜಲು ಶುರುಮಾಡಿದ ಮೇಲೆ ಮೊದಲ ದಿನಗಳಲ್ಲಿ ಅಪ್ಪ ಅಮ್ಮನ ಮೈಮೇಲಿನ ಲೋಳೆ ತಿಂದೇ ಬದುಕುತ್ತದೆ. ಏಂಜೆಲ್ ಮೀನಿನ ಹಾಗೆ ಮೊಟ್ಟೆ ಎತ್ತಿ ಬೇರೆ ಕಡೆ ಇಟ್ಟು ಸಾಕುತ್ತೇನೆ ಅಂದರೆ ಇದರಲ್ಲಿ ಬಹಳ ಕಷ್ಟ.

ಜಾಲರಿ ತೆಗೆದ ಕೂಡಲೇ ಜಗಳ. ಅವಳು ಮರಿಗಳನ್ನು ಬಾಯಲ್ಲಿ ಎತ್ತಿ ಜಾಗ ಬದಲಿಸಿದರೆ ಇವನು ಬಂದು ತಿನ್ನುತ್ತಾನೆ, ಅವಳು ಅಡ್ಡ ಬಂದರೆ ಪಕ್ಕೆಗೆ ಗುದ್ದುತ್ತಾನೆ. ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಅವಳು ಕಪ್ಪಾಗಿ ಹೀಟರ್ ಹಿಂದೆ ವಾಲಿ ನಿಂತಿದ್ದಳು, ರೆಕ್ಕೆ ಹರಿದಿತ್ತು. ಬೇರೆ ಟ್ಯಾಂಕಿಗೆ ಹಾಕಿ ನಾಲ್ಕು ದಿನ ನೋಡಿಕೊಂಡೆ. ಏನೂ ತಿನ್ನಲಿಲ್ಲ. ಐದನೇ ದಿನ ಬೆಳಿಗ್ಗೆ ಹೋಗಿಬಿಟ್ಟಿದ್ದಳು.

ಮೊಟ್ಟೆಗೆ ಫಲ ಕಟ್ಟಿದ ಮೇಲೆ ಗಂಡು ತಿನ್ನುವ ಲಕ್ಷಣ ಕಂಡರೆ ಅವನನ್ನು ತೆಗೆದುಬಿಡಿ. ಒಂಟಿ ತಾಯಿಯೂ ಮರಿ ಸಾಕುತ್ತಾಳೆ. ಅಥವಾ ನಡುವೆ ಜಾಲರಿ ಗೋಡೆ ಹಾಕಿ, ಒಬ್ಬರಿಗೊಬ್ಬರು ಕಾಣಲಿ ಸಾಕು. ಮೂರು ಸಲ ಕೆಟ್ಟರೆ ಇಬ್ಬರನ್ನೂ ಬೇರೆ ಮಾಡಿ, ಹೆಣ್ಣಿಗೆ ತಿಂಗಳಾದರೂ ಚೆನ್ನಾಗಿ ಊಟ ಹಾಕಿ ಮೈ ತುಂಬಿಸಿ. ಮೊಟ್ಟೆ ಇಡುವ ಹೊತ್ತಿನಲ್ಲಿ ಹೊಟ್ಟೆ ಕೆಳಗಿನ ಕೊಳವೆಯನ್ನೂ ಗಮನಿಸಿ. ಗಂಡಿನದು ಸಣ್ಣಗೆ ಚೂಪಾಗಿರುತ್ತದೆ, ಹೆಣ್ಣಿನದು ಅಗಲವಾಗಿ ಮೊಂಡಾಗಿರುತ್ತದೆ. ಎರಡು ಹೆಣ್ಣೇ ಜೋಡಿಯಾಗಿ ಮೊಟ್ಟೆ ಇಡುವುದೂ ಉಂಟು. ಆಗ ನೀವು ಎಷ್ಟು ತಿಂಗಳು ಕಾದರೂ ಬಿಳಿ ಮೊಟ್ಟೆಯೇ.

ಇನ್ನು, ಮರಿ ಮಾಡಿರುವ ಗಂಡು ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಅವನ ಮೈಗೆ ಮರಿಗಳು ಅಂಟಿಕೊಂಡು ತಿನ್ನುತ್ತಿರುವ ವಿಡಿಯೋ ತೋರಿಸಿ ಅಂತ ಕೇಳಿ. ಬಿಳಿ ಮೊಟ್ಟೆ ಇರುವ ಕೋನ್ (ಮೊಟ್ಟೆ ಇಡಲು ಕುಡಿಕೆಯ ಹಾಗೆ ಟ್ಯಾಂಕಿನಲ್ಲಿ ಇಡುವ ಶಂಕು) ಫೋಟೋ ತೋರಿಸಿದರೆ ಸುಮ್ನೆ ಎದ್ದು ಬನ್ನಿ.