ಟಿಇ1 ಕೊಳ್ಳುವುದೋ, ಟಿಇ2ಗೆ ಅಡಾಪ್ಟರ್ ಹಾಕುವುದೋ?

ಟಿಇ1, ಟಿಇ2 ಅಂದರೆ ಒಂದನೇ ದರ್ಜೆ, ಎರಡನೇ ದರ್ಜೆ ಅಂತಲ್ಲ. ಟಿಇ ಅಂದರೆ ಟರ್ಮಿನಲ್ ಇಕ್ವಿಪ್‌ಮೆಂಟ್, ಲೈನಿನ ತುದಿಯಲ್ಲಿ ಕೂರುವ ಉಪಕರಣ. ಲೈನು ಇಲ್ಲಿ ಐಎಸ್‌ಡಿಎನ್, ಮಾತು, ಡೇಟಾ ಎರಡನ್ನೂ ಡಿಜಿಟಲ್ ಆಗಿ ಒಯ್ಯುವ ಹಳೆಯ ಫೋನ್ ಜಾಲ. ಐಎಸ್‌ಡಿಎನ್ ಭಾಷೆ ತನಗೇ ಬರುವ ಉಪಕರಣ ಟಿಇ1: ಡಿಜಿಟಲ್ ಫೋನ್, ಕಂಪ್ಯೂಟರಿನೊಳಗಿನ ಐಎಸ್‌ಡಿಎನ್ ಕಾರ್ಡ್. ಬರದಿರುವುದು ಟಿಇ2: ಮಾಮೂಲಿ ಫೋನ್, ಸೀರಿಯಲ್ ಪೋರ್ಟಿನ ಕಂಪ್ಯೂಟರ್. ಟಿಇ2ಗೆ ದುಭಾಷಿಯಾಗಿ ನಿಲ್ಲುವುದೇ ಟರ್ಮಿನಲ್ ಅಡಾಪ್ಟರ್, ಅಂದರೆ ಟಿಎ. ಟಿಇ2 ಮತ್ತು ಟಿಎ ಸೇರುವ ಜಾಗಕ್ಕೆ ‘ಆರ್’ ಬಿಂದು ಎಂದು ಹೆಸರು. ಟಿಎಯ ಇನ್ನೊಂದು ಬದಿ, ಟಿಇ1ನಂತೆಯೇ, ಲೈನಿನ ಕಡೆಯ ‘ಎಸ್’ ಬಿಂದುವಿಗೆ.

ಖರ್ಚಿನ ಮಾತು ಸರಳ. ಕೈಯಲ್ಲಿರುವ ಫೋನು, ಫ್ಯಾಕ್ಸು ಚೆನ್ನಾಗಿದ್ದರೆ ಎಲ್ಲವನ್ನೂ ಬದಲಿಸುವುದಕ್ಕಿಂತ ಒಂದು ಟಿಎ ಸಾಕು.

ವೇಗದಲ್ಲಿ ಮಾತ್ರ ಎಚ್ಚರ. ಮನೆ, ಸಣ್ಣ ಕಚೇರಿಗಳ ಬೇಸಿಕ್ ರೇಟ್ ಲೈನಿನಲ್ಲಿ ಮಾತು, ಡೇಟಾ ಒಯ್ಯಲು ತಲಾ 64 ಕೆಬಿಪಿಎಸ್‌ನ ಎರಡು ಬಿ ಚಾನೆಲ್, ಜೋಡಿಸಿದರೆ 128. ಆದರೆ ಹಳೆಯ ಸೀರಿಯಲ್ ಪೋರ್ಟಿನ ಮಿತಿ ಸಾಮಾನ್ಯವಾಗಿ 115.2. ಅದರಲ್ಲೂ ಪ್ರತಿ 8 ಬಿಟ್‌ಗೆ ಸ್ಟಾರ್ಟ್, ಸ್ಟಾಪ್ ಎಂದು ಇನ್ನೆರಡು ಸೇರಿ, ಕೈಗೆ ಸಿಗುವುದು ಸುಮಾರು 92. ಎರಡೂ ಚಾನೆಲ್ ಬಳಸುವವರಿಗೆ ಒಳಗಿನ ಕಾರ್ಡೇ ಸರಿ. ಒಂದೇ ಚಾನೆಲ್ ಸಾಕೆನ್ನುವವರಿಗೆ ಈ ತಲೆನೋವಿಲ್ಲ.

ಕರೆಂಟ್ ಹೋದಾಗ? ಟಿಎಗೆ ಸಾಮಾನ್ಯವಾಗಿ ಬೇರೆ ವಿದ್ಯುತ್ ಬೇಕು. ಅದು ಆರಿದರೆ ಅದಕ್ಕೆ ಜೋಡಿಸಿದ ಫೋನೂ ಮೂಕ. ಲೈನಿನಿಂದಲೇ ತುರ್ತು ವಿದ್ಯುತ್ ಬರುವ ಕಡೆ, ಅದಕ್ಕೆ ಹೊಂದುವ ಟಿಇ1 ಫೋನ್ ಒಂದಾದರೂ ಇರಲಿ. ಎಸ್ ಬಸ್, ಅಂದರೆ ‘ಎಸ್’ ಬಿಂದುವಿನ ಹಂಚಿಕೆಯ ತಂತಿಯ ಮೇಲೆ 8 ಉಪಕರಣಗಳವರೆಗೆ ಕೂರಬಹುದು, ಹಾಗಾಗಿ ಫ್ಯಾಕ್ಸಿಗೆ ಟಿಎ, ಮಾತಿಗೆ ಟಿಇ1 ಎಂದು ಬೆರೆಸಿದರೂ ಅಡ್ಡಿಯಿಲ್ಲ.