ಮತ್ತೆ ಮತ್ತೆ ಮರುಕಳಿಸುವ ಓಟದ ನೋವು: ಲ್ಯಾಬ್, ಸೆನ್ಸರ್, ಫೋನ್ ಇವುಗಳಲ್ಲಿ ಯಾವುದು?

ನೋವಿನ ಮೂಲ ಹುಡುಕಲು ಓಡುವ ರೀತಿಯನ್ನು ಅಳೆಯುವುದಕ್ಕೆ ಮೂರು ದಾರಿ: ಚಲನೆ ಅಳೆಯುವ ಲ್ಯಾಬು, ಮೈಗೆ ಸಿಕ್ಕಿಸುವ ಸೆನ್ಸರು, ಫೋನಿನ ವಿಡಿಯೋ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಫೋನಿಗೆ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಒಂದು ಫೋನು, ಅಲ್ಲಾಡದ ಟ್ರೈಪಾಡು, ಸ್ವಲ್ಪ ಬಿಳಿ ಟೇಪು, ಕಂಪ್ಯೂಟರಿನಲ್ಲಿ ವಿಡಿಯೋದಿಂದ ಕೋನ, ಸಮಯ ಅಳೆಯುವ ಕಿನೋವಿಯಾ ಎಂಬ ತಂತ್ರಾಂಶ. ಅಳತೆಯ ನಿಖರತೆಯಲ್ಲಿ ಲ್ಯಾಬೇ ಮುಂದೆ, ಅದರಲ್ಲಿ ತಕರಾರಿಲ್ಲ. ಆದರೆ ಆರು ತಿಂಗಳಿಂದ ಹೋಗಿ ಬಂದು ಮಾಡುತ್ತಿರುವ ಮಂಡಿನೋವಿಗೆ ಒಂದೇ ಒಂದು ಸಲದ ನಿಖರ ಅಳತೆ ಸಾಲದು. ಮೈ ಹಸನಾಗಿದ್ದಾಗ ಒಮ್ಮೆ, ನೋವು ತಲೆಯೆತ್ತುವ ಹೊತ್ತಿಗೆ ಇನ್ನೊಮ್ಮೆ, ಓಟದಲ್ಲಿ ಏನಾದರೂ ಬದಲಿಸಿ ಮೂರು ವಾರ ಕಳೆದ ಮೇಲೆ ಮತ್ತೊಮ್ಮೆ ಅಳೆಯಬೇಕು, ಅದೂ ಒಂದೇ ರೀತಿಯಲ್ಲಿ. ಇಷ್ಟು ಸಲ ಲ್ಯಾಬಿಗೆ ಓಡಾಡುವವರು ಕಡಿಮೆ.

ಲ್ಯಾಬಿನ ಹೆಚ್ಚುಗಾರಿಕೆ ಇರುವುದು ಫೋರ್ಸ್ ಪ್ಲೇಟಿನಲ್ಲಿ, ಅಂದರೆ ಹೆಜ್ಜೆಯ ಬಲ ಅಳೆಯುವ ನೆಲದ ಹಲಗೆಯಲ್ಲಿ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ದೇಹತೂಕದ ಎರಡರಿಂದ ಮೂರು ಪಟ್ಟು ಬಲದಲ್ಲಿ ತಿರುಗಿ ತಳ್ಳುತ್ತದೆ. ಅದರಲ್ಲಿ ಮಂಡಿಯ ಪಾಲೆಷ್ಟು, ಸೊಂಟದ ಕೀಲಿನ ಪಾಲೆಷ್ಟು ಎಂಬ ಲೆಕ್ಕ ಫೋನಿನ ವಿಡಿಯೋದಿಂದ ಹುಟ್ಟುವುದಿಲ್ಲ. ಮೈಗೆ ಅಂಟಿಸಿದ ಹೊಳೆಯುವ ಮಾರ್ಕರುಗಳನ್ನು ಹಲವು ಕ್ಯಾಮೆರಾಗಳು ಒಟ್ಟಿಗೆ ಹಿಂಬಾಲಿಸುವುದರಿಂದ ಮೂರೂ ದಿಕ್ಕಿನ ಕೋನಗಳು ಸಿಗುತ್ತವೆ. ಆದರೂ ಮಾರ್ಕರ್ ಕೂರುವುದು ಚರ್ಮದ ಮೇಲೆ, ಮೂಳೆಯ ಮೇಲಲ್ಲ. ತೊಡೆಯ ಮಾಂಸ ಅಲುಗಿದಾಗಲೆಲ್ಲ ಮಾರ್ಕರೂ ಅಲುಗುತ್ತದೆ. ಹಾಗಾಗಿ ತೊಡೆಮೂಳೆ ಒಳಗೆ ತಿರುಗಿದೆ ಎನ್ನುವ ಅಂಕಿಯನ್ನು, ಮಂಡಿ ಮಡಚುವ ಅಂಕಿಯಷ್ಟು ಭರವಸೆಯಿಂದ ಓದಬಾರದು. ಅದಕ್ಕಿಂತ ದೊಡ್ಡ ಕೊರತೆ ಸಮಯದ್ದು. ಅಲ್ಲಿ ಓಡಿಸುವುದು ಕೆಲವೇ ನಿಮಿಷ, ನೋವು ಬರುವುದು ಆರನೇ ಕಿಲೋಮೀಟರಿನಲ್ಲಿ. ಕೈಗೆ ಬರುವ ದಪ್ಪ ವರದಿಯಲ್ಲಿರುವುದು ದಣಿಯದ ಕಾಲಿನ ಚಿತ್ರ.

ಶೂ ಮಾರುವಲ್ಲಿ ಹಿಂದಿನಿಂದ ಹತ್ತು ಸೆಕೆಂಡು ಹಿಮ್ಮಡಿ ನೋಡಿ ಜೋಡು ಕೈಗಿಡುವ ಪದ್ಧತಿಯನ್ನು ನಾನು ಪೈಪೋಟಿಗೇ ಸೇರಿಸಿಲ್ಲ. ಪಾದದ ಕಮಾನು ನೋಡಿ ಶೂ ಹಂಚುವುದನ್ನು ಅಮೆರಿಕದ ಸೇನೆಯ ತರಬೇತಿ ಶಿಬಿರಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2009–10ರಲ್ಲೇ ಬಂದಿದೆ. ಗಾಯಗಳು ಕಡಿಮೆಯಾಗಲಿಲ್ಲ.

ಇನ್ನು ಲೇಸಿಗೆ ಸಿಕ್ಕಿಸುವ, ಎದೆಪಟ್ಟಿಗೆ ಸೇರಿಸುವ ಸೆನ್ಸರುಗಳು. ಇವುಗಳ ಒಳ್ಳೆಯತನವೆಂದರೆ ಇಡೀ ಓಟದ ದಾಖಲೆ. ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ), ನೆಲಸ್ಪರ್ಶದ ಅವಧಿ, ಮೇಲೆ ಕೆಳಗೆ ಪುಟಿಯುವ ಪ್ರಮಾಣ ಕಿಲೋಮೀಟರಿನಿಂದ ಕಿಲೋಮೀಟರಿಗೆ ಹೇಗೆ ಜಾರುತ್ತದೆ ಎಂದು ಗೆರೆ ಎಳೆದು ತೋರಿಸುತ್ತವೆ. ನೆಲಸ್ಪರ್ಶದಲ್ಲಿ ಎಡಗಾಲು ಬಲಗಾಲುಗಳ ಪಾಲು 51–49 ಎಂದು ಬಂದರೆ ಏನು ಮಾಡಬೇಕು ಎಂದು ಮಾತ್ರ ಹೇಳುವುದಿಲ್ಲ. ನೋಯುವ ಕಾಲನ್ನು ಉಳಿಸಿಕೊಂಡು ಓಡುತ್ತಿರುವುದರಿಂದ ಆ ಅಂಕಿ ಬಂತೋ, ಆ ವ್ಯತ್ಯಾಸದಿಂದಲೇ ನೋವು ಬಂತೋ? ಸೊಂಟ ಕುಸಿಯುತ್ತಿದೆಯೋ ಇಲ್ಲವೋ ಪಾದದಲ್ಲಿ ಕುಳಿತ ಯಂತ್ರಕ್ಕೆ ಕಾಣಿಸದು. ಕ್ಲಿಪ್ಪು ಸಡಿಲಾದರೆ ಅಂಕಿಯೂ ಸಡಿಲ. ಕೇಡೆನ್ಸ್ ಅಂತೂ ಮಾಮೂಲಿ ಓಟದ ವಾಚಿನಲ್ಲೇ ಸಿಗುತ್ತದೆ.

ಈಗ ಫೋನು. ಟ್ರೆಡ್‌ಮಿಲ್ ಮೇಲೆ ಎಂಟು ಹತ್ತು ನಿಮಿಷ ಓಡಿ ಕಾಲು ಬೆಲ್ಟಿಗೆ ಹೊಂದಿಕೊಂಡ ಮೇಲಷ್ಟೇ ರೆಕಾರ್ಡಿಂಗ್. ಕ್ಯಾಮೆರಾ ಸೊಂಟದ ಎತ್ತರದಲ್ಲಿ, ಮೂರು ನಾಲ್ಕು ಮೀಟರ್ ದೂರದಲ್ಲಿರಲಿ. ವೈಡ್ ಲೆನ್ಸ್ ಬೇಡ, ಅಂಚಿನಲ್ಲಿ ಕಾಲು ಬಾಗಿದಂತೆ ಕಾಣುತ್ತದೆ. ಫೋನನ್ನು ಉದ್ದಕ್ಕೆ ನಿಲ್ಲಿಸಿ. 1080 ಗುಣಮಟ್ಟದ ವಿಡಿಯೋದಲ್ಲಿ ಎರಡು ಮೀಟರ್ ಎತ್ತರ ಚೌಕಟ್ಟು ತುಂಬಿದೆ ಎನ್ನಿ. ಸೊಂಟದ ಹಿಂದೆ 10 ಸೆಂ.ಮೀ. ಅಂತರದಲ್ಲಿರುವ ಎರಡು ಗುಳಿಗಳ ಮೇಲೆ ಟೇಪು ಹಚ್ಚಿದಾಗ, ಫೋನು ಅಡ್ಡವಿದ್ದರೆ ಒಂದು ಪಿಕ್ಸೆಲ್ ತಪ್ಪಿಗೆ ಸುಮಾರು 1 ಡಿಗ್ರಿ ತಪ್ಪು, ಉದ್ದವಿದ್ದರೆ 0.6. ಶಟರ್ ಕೈಯಾರೆ 1/1000 ಸೆಕೆಂಡಿಗೆ ಹೊಂದಿಸಿ. ಬೀಸುವ ಪಾದ ಸೆಕೆಂಡಿಗೆ 6 ಮೀಟರ್ ಚಲಿಸುತ್ತಿದ್ದರೆ 1/240ರಲ್ಲಿ 2.5 ಸೆಂ.ಮೀ. ಮಸುಕು, 1/1000ದಲ್ಲಿ 6 ಮಿ.ಮೀ. ಇದಕ್ಕೆ ಬೆಳಕು ಬೇಕು, ಹಗಲಿನದ್ದಾದರೆ ಉತ್ತಮ. ಎಷ್ಟೋ ಎಲ್‌ಇಡಿ ದೀಪಗಳ ಕೆಳಗೆ 240 ಫ್ರೇಮಿನ ವಿಡಿಯೋ ಪಟಪಟ ಮಿನುಗುತ್ತದೆ.

ತಲೆನೋವು ಶುರುವಾಗುವುದು ಇದೆಲ್ಲ ಮುಗಿದ ಮೇಲೆ, ಫೈಲ್ ಕಂಪ್ಯೂಟರಿಗೆ ಹೋಗುವಾಗ. 240 ಫ್ರೇಮಿನ ವಿಡಿಯೋವನ್ನು ಕೆಲವು ಫೋನುಗಳು ಹಾಗೆಯೇ ಇಡುತ್ತವೆ. ಕೆಲವು ಅದನ್ನು ಎಂಟು ಪಟ್ಟು ಎಳೆದು, ಸೆಕೆಂಡಿಗೆ 30 ಫ್ರೇಮಿನ ಉದ್ದನೆಯ ಫೈಲಾಗಿ ಉಳಿಸುತ್ತವೆ. ಇನ್ನು ಕೆಲವು ಹಂಚಿಕೊಳ್ಳುವಾಗ ಮೊದಲ ತುಣುಕು ಮಾಮೂಲಿ ವೇಗ, ನಡುವೆ ನಿಧಾನ, ಕೊನೆಗೆ ಮತ್ತೆ ಮಾಮೂಲಿ ಎಂದು ತಾವೇ ಜೋಡಿಸಿಬಿಡುತ್ತವೆ. ನೋಡುವುದಕ್ಕೆ ಮೂರೂ ಒಂದೇ, ಅಳೆಯುವುದಕ್ಕೆ ಮೂರೂ ಬೇರೆ. ಎಳೆದ ಫೈಲನ್ನು ಹಾಗೇ ತೆರೆದರೆ ಕಾಲು ಸೆಕೆಂಡಿನ ನೆಲಸ್ಪರ್ಶವನ್ನು ಕಿನೋವಿಯಾ ಎರಡು ಸೆಕೆಂಡು ಎಂದು ತೋರಿಸುತ್ತದೆ. ಅದು ಬಿಡಿ, ಕಣ್ಣಿಗೆ ಹೊಡೆಯುವ ತಪ್ಪು. ಕಿನೋವಿಯಾದ ಟೈಮಿಂಗ್ ಸೆಟ್ಟಿಂಗಿನಲ್ಲಿ ಚಿತ್ರೀಕರಣದ ಫ್ರೇಮ್ ರೇಟ್ 240 ಎಂದು ತುಂಬಿದರೆ ಸರಿಹೋಗುತ್ತದೆ.

ಸರಿಹೋಗದಿರುವುದು ಮೆಸೇಜಿಂಗ್ ಆ್ಯಪಿನಲ್ಲಿ ಕಳಿಸಿದ ಫೈಲು. ಅದು ಗಾತ್ರ ಇಳಿಸುವ ಭರದಲ್ಲಿ ಫ್ರೇಮುಗಳನ್ನೂ ಉದುರಿಸಿ 30ಕ್ಕೆ ತಂದಿಟ್ಟಿರಬಹುದು. ಆಗ ಎರಡು ಫ್ರೇಮುಗಳ ನಡುವೆ 33 ಮಿಲಿಸೆಕೆಂಡು ಕಂದಕ, ಕಾಲು ಸೆಕೆಂಡಿನ ನೆಲಸ್ಪರ್ಶಕ್ಕೆ ಸಿಗುವುದು ಏಳೆಂಟೇ ಫ್ರೇಮು. ಪಾದ ನೆಲಕ್ಕೆ ತಾಗಿದ ಕ್ಷಣ ಆ ಕಂದಕದೊಳಗೇ ಬಿದ್ದುಹೋಗಿರುತ್ತದೆ. ಮುಂದಿನ ಫ್ರೇಮಿನಲ್ಲಿ ಮಂಡಿ ಆಗಲೇ ಮಡಚಿಕೊಂಡಿರುವುದರಿಂದ, ಕಾಲು ಚಾಚಿ ಬೀಳುತ್ತಿದ್ದ ಓಟಗಾರನೂ ಸರಿಯಾಗಿಯೇ ಇಳಿಯುತ್ತಿರುವಂತೆ ಕಾಣುತ್ತಾನೆ. ಫಿಸಿಯೋಗೆ ಈ ಫೈಲು ಕಳಿಸಿ "ಏನೂ ತೊಂದರೆ ಕಾಣ್ತಿಲ್ಲ" ಎನ್ನಿಸಿಕೊಂಡರೆ ತಪ್ಪು ಅವರದ್ದಲ್ಲ. ಕೇಬಲ್ಲಿನಲ್ಲೇ ಮೂಲ ಫೈಲು ತೆಗೆಯಿರಿ.

ಪರೀಕ್ಷೆ ಸುಲಭ. ಪ್ರತಿ ರೆಕಾರ್ಡಿಂಗಿನ ಶುರುವಿಗೆ ಇನ್ನೊಂದು ಫೋನಿನ ಸ್ಟಾಪ್‌ವಾಚನ್ನು ಐದು ಸೆಕೆಂಡು ಕ್ಯಾಮೆರಾಗೆ ಹಿಡಿಯಿರಿ. ಕಂಪ್ಯೂಟರಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಸರಿಯುತ್ತದೆ ಎಣಿಸಿ. 240ರ ಆಸುಪಾಸು ಬಂದರೆ ಮುಂದುವರಿಯಿರಿ. ಆಮೇಲೆ ಲೆಕ್ಕ ಬೆರಳ ತುದಿಯಲ್ಲಿ: ಒಂದು ಪಾದ ತಾಗಿದಲ್ಲಿಂದ ಇನ್ನೊಂದು ತಾಗುವವರೆಗಿನ ಫ್ರೇಮುಗಳಿಂದ 14,400ನ್ನು ಭಾಗಿಸಿದರೆ ಕೇಡೆನ್ಸ್. 90 ಫ್ರೇಮಿಗೆ 160. ನೆಲಸ್ಪರ್ಶಕ್ಕೆ 60 ಫ್ರೇಮ್ ಬಂದರೆ 250 ಮಿಲಿಸೆಕೆಂಡು.

ಎರಡನೇ ಮೋಸ ಕ್ಯಾಮೆರಾದ ಕೋನದ್ದು. ಹಿಂದಿನಿಂದ ತೆಗೆಯುವಾಗ ಕ್ಯಾಮೆರಾ ಬೆಲ್ಟಿನ ನಡುಗೆರೆಯಿಂದ 10 ಡಿಗ್ರಿ ಪಕ್ಕಕ್ಕೆ ಸರಿದಿದ್ದರೆ, 40 ಡಿಗ್ರಿ ಮಡಚಿದ ಮಂಡಿಯ ಮಡಿಕೆಯೇ ಸೋರಿ ಸುಮಾರು 7 ಡಿಗ್ರಿಯ ಸುಳ್ಳು ವಾಲಿಕೆಯಾಗಿ ಕಾಣುತ್ತದೆ. ಒಂದು ಮಂಡಿ ಒಳಗೆ, ಇನ್ನೊಂದು ಅಷ್ಟೇ ಹೊರಗೆ ವಾಲಿದಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಟ್ರೈಪಾಡನ್ನು, ಸ್ನಾಯುವನ್ನಲ್ಲ.

ನೋಡಬೇಕಾದ್ದು ಮೂರೇ. ಪಕ್ಕದಿಂದ: ಪಾದ ತಾಗುವ ಫ್ರೇಮಿನಲ್ಲಿ ಮಂಡಿಯ ಕೆಳಗಿನ ಮೂಳೆ ನೆಟ್ಟಗಿದೆಯೋ, ಮುಂದಕ್ಕೆ ಚಾಚಿ ಪಾದ ದೇಹಕ್ಕಿಂತ ಬಹಳ ಮುಂದೆ ಬೀಳುತ್ತಿದೆಯೋ. ಹಿಂದಿನಿಂದ: ಒಂಟಿಕಾಲ ಮೇಲೆ ಭಾರವಿದ್ದಾಗ ಎದುರು ಬದಿಯ ಸೊಂಟ ಎಷ್ಟು ಇಳಿಯುತ್ತದೆ. ಪಾದಗಳು ನಡುಗೆರೆ ದಾಟಿ ಒಂದರ ದಾರಿಯಲ್ಲಿ ಇನ್ನೊಂದು ಬೀಳುತ್ತಿವೆಯೋ. ಮಂಡಿಚಿಪ್ಪಿನ ಸುತ್ತಲ ನೋವಿಗೆ ಮೊದಲೆರಡು, ಐಟಿ ಬ್ಯಾಂಡ್ (ತೊಡೆಯ ಹೊರಬದಿಯಲ್ಲಿ ಮಂಡಿಯವರೆಗೆ ಇಳಿಯುವ ಪಟ್ಟಿ) ನೋವಿಗೆ ಕೊನೆಯೆರಡು ಮುಖ್ಯ. 72 ಗಾಯಾಳು ಓಟಗಾರರನ್ನು 36 ಆರೋಗ್ಯವಂತರೊಡನೆ ಹೋಲಿಸಿದ 2018ರ ಅಧ್ಯಯನದಲ್ಲಿ ಎರಡು ಗುಂಪುಗಳನ್ನು ಎಲ್ಲಕ್ಕಿಂತ ಚೆನ್ನಾಗಿ ಬೇರ್ಪಡಿಸಿದ್ದು ಸೊಂಟದ ಇಳಿತ. ಕಾರಣವೋ ಪರಿಣಾಮವೋ ಅದರಿಂದ ತೀರ್ಮಾನವಾಗದು, ಏಕೆಂದರೆ ಅಳೆದದ್ದು ಗಾಯವಾದ ಮೇಲೆ. ಪ್ರತಿ ಕಾಲಿಗೂ ಕನಿಷ್ಠ ಐದು ಹೆಜ್ಜೆಯ ಸರಾಸರಿ ತೆಗೆಯಿರಿ. ಎರಡು ಮೂರು ಡಿಗ್ರಿಯ ಬದಲಾವಣೆಯನ್ನು ಸುಧಾರಣೆ ಎಂದು ಹಿಗ್ಗಬೇಡಿ, ಟೇಪು ಆಚೀಚೆ ಆದರೂ ಅಷ್ಟು ಬರುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಕಾಲು ಚಾಚುವವರು ಅದೇ ವೇಗದಲ್ಲಿ ಕೇಡೆನ್ಸನ್ನು 5ರಿಂದ 10 ಶೇಕಡಾ ಏರಿಸಿದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. 160 ಇದ್ದವರು ತಾಳ ಹಾಕುವ ಮೆಟ್ರೊನೋಮ್ ಹಾಕಿ 168ರಿಂದ ಶುರುಮಾಡಿದರೆ ಸಾಕು. ಅದೇ ಭರದಲ್ಲಿ ಪಾದದ ಮುಂಭಾಗದಲ್ಲಿ ಇಳಿಯುವುದನ್ನೂ ಕಲಿಯಹೊರಟರೆ ಹೊರೆ ಮಂಡಿಯಿಂದ ಹಿಮ್ಮಡಿಯ ಹಿಂದಿನ ಅಕಿಲೀಸ್ ಸ್ನಾಯುರಜ್ಜುವಿಗೂ ಮೀನಖಂಡಕ್ಕೂ ವರ್ಗವಾಗುತ್ತದೆ, ಮುಂದಿನ ತಿಂಗಳು ಅಲ್ಲಿ ನೋವು.

ಎರಡು ಐಫೋನಿನಿಂದ ಮೂರು ಆಯಾಮದ ಕೋನ ಕೊಡುವ, ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಓಪನ್‌ಕ್ಯಾಪ್ ಕೂಡ ಇದೆ. ಆಸಕ್ತರಿಗೆ ಒಳ್ಳೆಯ ಆಟ, ಪ್ರತಿ ಸಲ ಚದುರಂಗದ ಮನೆಗಳಂತೆ ಚೌಕಗಳಿರುವ ಹಾಳೆ ಹಿಡಿದು ಕ್ಯಾಲಿಬ್ರೇಟ್ ಮಾಡುವ ತಾಳ್ಮೆ ಇದ್ದರೆ.

ಹಣ ಎಲ್ಲಿ ಹಾಕುವುದು ಎಂದರೆ, ವಾರಕ್ಕೆ ಮೂರು ನಾಲ್ಕು ದಿನ ಓಡುವವರು ಫೋನಿನಿಂದಲೇ ಶುರುಮಾಡಿ, ಸೆನ್ಸರಿಗೆ ಇಡುವ ಹಣದಲ್ಲಿ ಫಿಸಿಯೋ ಜೊತೆ ಕೂತು ಆ ವಿಡಿಯೋ ನೋಡಿ. ಎರಡು ಮೂರು ತಿಂಗಳು ಹೀಗೆ ಮಾಡಿಯೂ ನೋವು ಜಗ್ಗದಿದ್ದರೆ, ಅಥವಾ ಶಸ್ತ್ರಚಿಕಿತ್ಸೆಯ ನಂತರ ಎರಡು ಕಾಲಿನ ಬಲ ಹೋಲಿಸಬೇಕಿದ್ದರೆ ಲ್ಯಾಬಿಗೆ ಹೋಗಿ, ನೋವು ಬರುವಷ್ಟು ದೂರ ಓಡಿದ ಮೇಲೇ ಅಳೆಯುವಂತೆ ಮೊದಲೇ ಒಪ್ಪಿಸಿಕೊಳ್ಳಿ. ಮೂಳೆಯ ಮೇಲೆ ಒಂದೇ ಬಿಂದು ಒತ್ತಿದರೆ ಚುಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಯಾವ ವಿಡಿಯೋವೂ ಬೇಡ. ಅದು ಒತ್ತಡದ ಬಿರುಕು ಇರಬಹುದು, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.