ಆಂಕಿ ಆ್ಯಪ್ ಇರಲಿ, ರೆಡಿಮೇಡ್ ಡೆಕ್ ಬೇಡ

ಆಂಕಿ ಎಂದರೆ ಕಾರ್ಡುಗಳನ್ನು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆ್ಯಪ್. ಇಂಗ್ಲಿಷ್ ಪದ ಕಲಿಯಲು ಅದನ್ನು ಹಾಕಿಕೊಂಡವರು ಮೊದಲು ಹುಡುಕುವುದೇ ರೆಡಿಮೇಡ್ ಡೆಕ್, ಅಂದರೆ ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟು. ವರ್ಷಗಳಿಂದ ಬಳಸುತ್ತಿರುವ ನನ್ನ ತಕರಾರೆಲ್ಲ ಅದರ ಮೇಲೆಯೇ. ‘ಇಂಟರ್‌ಮೀಡಿಯೆಟ್’ ಎಂದು ಸಿಗುವ ಎಷ್ಟೋ ಡೆಕ್‌ಗಳಲ್ಲಿ ಮುಂದೆ ಒಂದು ಪದ, ಹಿಂದೆ ಒಂದು ಅರ್ಥ, ಅಷ್ಟೇ. ಅಕಾರಾದಿಯಲ್ಲಿ ಜೋಡಿಸಿದ್ದರಂತೂ ಅಡ್ಯಾಪ್ಟ್, ಅಡೆಪ್ಟ್, ಅಡಾಪ್ಟ್ ಮೂರೂ ಒಟ್ಟಿಗೇ ಎದುರಾಗಿ, ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನಾಲಿಗೆಯಂತೂ ಪಳಗುವುದೇ ಇಲ್ಲ. ‘ರಿಲಕ್ಟಂಟ್ ಅಂದರೆ ಹಿಂಜರಿಯುವ’ ಎಂದು ಗೊತ್ತಿದ್ದವರೂ ಮಾತಾಡುವಾಗ ಅದರ ಮುಂದೆ ಏನು ಬರಬೇಕೆಂದು ತಡವರಿಸುತ್ತಾರೆ.

ಅದೇ ಆ್ಯಪಿನಲ್ಲಿ ಕಾರ್ಡನ್ನು ನೀವೇ ಬರೆದುಕೊಂಡರೆ ಕಥೆಯೇ ಬೇರೆ. ನೋಟ್ ಟೈಪ್ ‘ಕ್ಲೋಜ್’ (ಬಿಟ್ಟ ಸ್ಥಳ ತುಂಬುವ ಕಾರ್ಡ್) ಆರಿಸಿ, ಓದಿದ್ದರಲ್ಲಿ ಸಿಕ್ಕ ಇಡೀ ವಾಕ್ಯ ಹಾಕಿ: ‘ಶಿ ವಾಸ್ ರಿಲಕ್ಟಂಟ್ ಟು ಸೈನ್ ದ ಲೋನ್ ಪೇಪರ್ಸ್.’ ‘ರಿಲಕ್ಟಂಟ್ ಟು’ ಎರಡನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್-ಶಿಫ್ಟ್-ಸಿ ಒತ್ತಿದರೆ ಅದರ ಸುತ್ತ ಬ್ರಾಕೆಟ್ ಬೀಳುತ್ತದೆ, ಕಾರ್ಡ್ ಓದುವಾಗ ಅಷ್ಟು ಭಾಗ ಮರೆಯಾಗಿರುತ್ತದೆ. ಮುಚ್ಚುವ ಬ್ರಾಕೆಟ್‌ಗೆ ಮೊದಲು ಎರಡು ಕೋಲನ್ ಹಾಕಿ ‘ಹಿಂಜರಿಕೆ’ ಎಂದು ಬರೆದರೆ ಅದೇ ಸುಳಿವು. ಹೀಗೆ ‘ಟು’ ಕೂಡ ‘ರಿಲಕ್ಟಂಟ್’ ಜೊತೆಗೇ ಬಾಯಿಗೆ ಬರುತ್ತದೆ. ಬೆಳಗಿನ ಕಾಫಿ ಮುಗಿಯುವುದರೊಳಗೆ ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ ಮುಗಿಸುವುದರಲ್ಲಿರುವ ಖುಷಿ ಪಟ್ಟಿ ಉರು ಹೊಡೆಯುವುದರಲ್ಲಿಲ್ಲ.

ಸೆಟ್ಟಿಂಗ್ ವಿಷಯ. ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇರುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದು ಜಾಸ್ತಿ. ಕೆಲವೇ ವಾರಗಳಲ್ಲಿ ಪುನರಾವರ್ತನೆ ಗುಡ್ಡೆ ಬೀಳುತ್ತದೆ, ಜನ ಬಿಡುವುದೂ ಅಲ್ಲೇ. 5ರಿಂದ 7 ಸಾಕು. ಯಾವ ಕಾರ್ಡ್ ಯಾವಾಗ ಮತ್ತೆ ಬರಬೇಕೆಂದು ಲೆಕ್ಕ ಹಾಕುವ, 2023ರಲ್ಲಿ ಬಂದ ಎಫ್‌ಎಸ್‌ಆರ್‌ಎಸ್ ಅನ್ನು ಡೆಕ್ ಆಪ್ಷನ್ಸ್‌ನಲ್ಲಿ ಆನ್ ಮಾಡಿ, ಡಿಸೈರ್ಡ್ ರಿಟೆನ್ಷನ್ (ಎಷ್ಟು ಪಾಲು ನೆನಪಿರಬೇಕು ಎಂಬ ಗುರಿ) 90 ಶೇಕಡಾದಲ್ಲೇ ಬಿಡಿ. 95ಕ್ಕೆ ಏರಿಸಿದರೆ ಕೆಲಸ ವಿಪರೀತ ಹೆಚ್ಚುತ್ತದೆ. ಕಾರ್ಡಿನ ಉತ್ತರ ಮರೆತಿದ್ದರೆ ‘ಅಗೇನ್’ ಬಟನ್ ಒತ್ತಬೇಕು, ‘ಹಾರ್ಡ್’ ಅಲ್ಲ. ‘ಹಾರ್ಡ್’ ಅಂದರೆ ಕಷ್ಟಪಟ್ಟು ನೆನಪಾಯಿತು ಎಂದು ಲೆಕ್ಕ. ಮರೆತ ಪದಕ್ಕೆ ಅದನ್ನೇ ಒತ್ತುತ್ತಿದ್ದರೆ ಅಂತರದ ಲೆಕ್ಕವೆಲ್ಲ ಕೆಡುತ್ತದೆ. ಕಲಿತ ಮೇಲೆ ಎಂಟು ಸಲ ಮರೆತ ಕಾರ್ಡಿಗೆ ‘ಲೀಚ್’ (ಜಿಗಣೆ) ಎಂಬ ಟ್ಯಾಗ್ ಬೀಳುತ್ತದೆ. ಅದರ ಜೊತೆ ಗುದ್ದಾಡಬೇಡಿ, ಬೇರೆ ವಾಕ್ಯ ಹಾಕಿ ಹೊಸದಾಗಿ ಬರೆಯಿರಿ.

ಕಂಪ್ಯೂಟರ್, ಆಂಡ್ರಾಯ್ಡ್‌ಗಳಲ್ಲಿ ಆಂಕಿ ಪೂರ್ತಿ ಉಚಿತ. ಐಫೋನ್ ಆ್ಯಪಿಗೆ ದುಡ್ಡು ಕೊಡಬೇಕು. ಬೇಡವೆಂದರೆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಬರೆದು ಸಿಂಕ್ ಮಾಡಿ, ಫೋನಿನ ಬ್ರೌಸರಿನಲ್ಲಿ ಆಂಕಿಯದೇ ವೆಬ್‌ಸೈಟ್ ಆಂಕಿವೆಬ್ ತೆರೆದು ಓದಿಕೊಳ್ಳಬಹುದು.